ಲೋಮನಾಳದ ನೀರು ಮತ್ತು ಬೋರಿಸ್ ಡೆರ್ಯಾಗಿನ್

ಬೋರಿಸ್ ಡೆರ್ಯಾಗಿನ್ ಎಂಬ ರಷ್ಯನ್ ವಿಜ್ಞಾನಿಯ ಹೆಸರು ಎರಡು ಬಗೆಯ ಪುಸ್ತಕಗಳಲ್ಲಿ ಸಿಗುತ್ತದೆ. ಭೌತರಸಾಯನದ ಪಠ್ಯಗಳಲ್ಲಿ ‘ಡಿಎಲ್‌ವಿಒ’ ಎಂಬ ಸಿದ್ಧಾಂತದ ಮೊದಲ ಅಕ್ಷರ ಅವನದು. ವಿಜ್ಞಾನಿಗಳ ಎಡವಟ್ಟುಗಳನ್ನು ಸೊಗಸಾಗಿ ಹೇಳುವ ಜನಪ್ರಿಯ ಪುಸ್ತಕಗಳಲ್ಲಿ ಅವನು ‘ಪಾಲಿವಾಟರ್’ ಎಂಬ ಇಲ್ಲದ ನೀರನ್ನು ಜಗತ್ತಿಗೆ ಉಣಬಡಿಸಿದವನು. ಎರಡನ್ನೂ ಓದಿದವರು ಸುಲಭವಾದ ಒಂದು ರಾಜಿಗೆ ಬರುತ್ತಾರೆ: ಮನುಷ್ಯ ದೊಡ್ಡವನು, ವಯಸ್ಸಾದ ಮೇಲೆ ಒಮ್ಮೆ ಜಾರಿದ. ಪಾಲಿವಾಟರ್ ಗಲಾಟೆ ಶುರುವಾದ 1962ರಲ್ಲಿ ಅವನಿಗೆ ಸರಿಯಾಗಿ ಅರವತ್ತು ತುಂಬಿದ್ದರಿಂದ ಅರವತ್ತರ ಅರಳುಮರಳು ಎಂದುಬಿಡುವುದಕ್ಕೂ ಅನುಕೂಲ. ಈ ರಾಜಿ ನನಗೆ ಒಪ್ಪಿಗೆಯಿಲ್ಲ. ಡೆರ್ಯಾಗಿನ್‌ನ ವೃತ್ತಿಜೀವನದಲ್ಲಿ ಗೆಲುವಿನ ದಾರಿ ಬೇರೆ, ಸೋಲಿನ ದಾರಿ ಬೇರೆ ಎಂದಿರಲಿಲ್ಲ. ಒಂದೇ ಪ್ರಶ್ನೆಯನ್ನು ಒಂದೇ ಹಟದಿಂದ ಅರುವತ್ತು ವರ್ಷ ಕೇಳಿದ ಮನುಷ್ಯ ಅವನು. ಆ ಪ್ರಶ್ನೆ ಅವನಿಗೆ ಸಿದ್ಧಾಂತವನ್ನೂ ಕೊಟ್ಟಿತು, ಮುಖಭಂಗವನ್ನೂ ಕೊಟ್ಟಿತು. ಯಾವಾಗ ಯಾವುದು ಸಿಕ್ಕಿತು ಎಂಬುದನ್ನು ತೀರ್ಮಾನಿಸಿದ್ದು ಅವನ ಸ್ವಭಾವವಾಗಲೀ ವಯಸ್ಸಾಗಲೀ ಅಲ್ಲ. ಕೈಯಲ್ಲಿದ್ದ ವಸ್ತು ಎಷ್ಟಿತ್ತು, ಅದನ್ನು ಬೇರೊಂದು ದಾರಿಯಿಂದ ಪರೀಕ್ಷಿಸಲು ಸಾಧ್ಯವಿತ್ತೇ ಎಂಬುದು.

ಅವನು ಹುಟ್ಟಿದ್ದು 1902ರಲ್ಲಿ, ಮಾಸ್ಕೋದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಿಂದ 1922ರಲ್ಲಿ ಪದವಿ ಪಡೆದ. 1935ರಲ್ಲಿ ಮೇಲ್ಮೈ ಬಲಗಳ ಅಧ್ಯಯನಕ್ಕೆಂದೇ ಒಂದು ಪ್ರಯೋಗಾಲಯ ಕಟ್ಟಿದ. ಮುಂದೆ ಸೋವಿಯತ್ ವಿಜ್ಞಾನ ಅಕಾಡೆಮಿಯ ಭೌತರಸಾಯನ ಸಂಸ್ಥೆಯಲ್ಲಿ ಹೆಸರಾದ ಆ ಪ್ರಯೋಗಾಲಯವೇ ಅವನ ಇಡೀ ಬದುಕಿನ ವಿಳಾಸ. 1994ರಲ್ಲಿ ಅವನು ತೀರಿಕೊಂಡದ್ದೂ ಮಾಸ್ಕೋದಲ್ಲೇ. ಅವನ ಪ್ರಶ್ನೆ ಕೇಳಲು ಸರಳವಾಗಿತ್ತು: ಎರಡು ಘನವಸ್ತುಗಳ ನಡುವೆ ತೀರಾ ತೆಳುವಾದ ದ್ರವದ ಪದರ ಸಿಕ್ಕಿಕೊಂಡಾಗ ಆ ದ್ರವ ಲೋಟದಲ್ಲಿದ್ದಾಗಿನ ಹಾಗೇ ವರ್ತಿಸುತ್ತದೆಯೇ? ಇಲ್ಲ ಎಂಬುದು ಅವನ ಉತ್ತರ. 1930ರ ದಶಕದಲ್ಲೇ ಅವನ ಗುಂಪು ಅಂಥ ಪದರಗಳೊಳಗೆ ಒಂದು ವಿಶೇಷ ಒತ್ತಡ ಇರುವುದನ್ನು ಅಳೆದು ತೋರಿಸಿತು. ಒಂದು ಹಂತದವರೆಗೆ ತೆಳುವಾದ ಪದರ ಮುಂದೆ ತೆಳುವಾಗಲು ಒಪ್ಪದೆ ಎರಡೂ ಮೇಲ್ಮೈಗಳನ್ನು ಆಚೆಗೆ ತಳ್ಳುತ್ತದೆ. ನೊರೆ ಕೂಡಲೇ ಒಡೆಯದೆ ನಿಲ್ಲುವುದರಲ್ಲೂ ಗಾಜಿನ ಮೇಲಿನ ನೀರಿನ ಪೊರೆ ಹರಿದುಹೋಗದೆ ಇರುವುದರಲ್ಲೂ ಈ ಒತ್ತಡದ ಕೈವಾಡವಿದೆ. ಗೋಡೆಯ ಪಕ್ಕದ ದ್ರವ ಮಾಮೂಲಿ ದ್ರವವಲ್ಲ ಎಂಬ ನಂಬಿಕೆ ಹೀಗೆ ಅಳತೆಯ ಬೆಂಬಲದಿಂದಲೇ ಅವನಲ್ಲಿ ಬೇರೂರಿತು. ಮುಂದಿನ ಕತೆಗೆ ಇದು ಮುಖ್ಯ. 1960ರ ದಶಕದಲ್ಲಿ ಅವನು ವಿಚಿತ್ರ ನೀರನ್ನು ನಂಬಿದ್ದು ಎಲ್ಲಿಂದಲೋ ಉದುರಿದ ಮೂಢನಂಬಿಕೆಯಿಂದಲ್ಲ. ಮೂವತ್ತು ವರ್ಷ ಆ ದಿಕ್ಕಿನಲ್ಲಿ ನಡೆದವನು ಇನ್ನೊಂದು ಹೆಜ್ಜೆ ಇಟ್ಟ, ಅಷ್ಟೆ.

ಡಿಎಲ್‌ವಿಒ ಸಿದ್ಧಾಂತವೂ ಇದೇ ಪ್ರಶ್ನೆಯ ಕೂಸು. ಕೆರೆಯ ಕದಡಿದ ನೀರಿನಲ್ಲಿ ಮಣ್ಣಿನ ಸಣ್ಣ ಕಣಗಳು ದಿನಗಟ್ಟಲೆ ತಳ ಸೇರದೆ ತೇಲುತ್ತವೆ. ಪಟಿಕ ಹಾಕಿದರೆ ಗಂಟುಗಟ್ಟಿ ಇಳಿಯುತ್ತವೆ. ಹಾಗೆ ತೇಲುವ ಸ್ಥಿತಿಯನ್ನು ರಸಾಯನದವರು ಕಲಿಲ ಎನ್ನುತ್ತಾರೆ. ಕಣಗಳ ಮೈಮೇಲೆ ಒಂದೇ ಜಾತಿಯ ವಿದ್ಯುದಾವೇಶ ಇರುವುದರಿಂದ ಅವು ಒಂದನ್ನೊಂದು ತಳ್ಳುತ್ತವೆ. ಪರಮಾಣುಗಳ ನಡುವಿನ ಸಹಜ ಆಕರ್ಷಣೆ ಅವನ್ನು ಹತ್ತಿರಕ್ಕೆ ಎಳೆಯುತ್ತದೆ. ನೀರಿನಲ್ಲಿ ಲವಣ ಹೆಚ್ಚಿದಂತೆ ತಳ್ಳುವ ಬಲದ ಚಾಚು ಕಡಿಮೆಯಾಗಿ ಎಳೆತ ಗೆಲ್ಲುತ್ತದೆ. ಈ ಎರಡರ ಲೆಕ್ಕವನ್ನು ಒಟ್ಟಿಗೆ ಕೂಡಿಸಿ 1941ರಲ್ಲಿ ಪ್ರಕಟಿಸಿದವರು ಡೆರ್ಯಾಗಿನ್ ಮತ್ತು ಲೆವ್ ಲ್ಯಾಂಡೌ. ಯುದ್ಧದ ಗಲಾಟೆಯಲ್ಲಿ ಅದು ಹೊರಗೆ ಹೆಚ್ಚು ಮುಟ್ಟಲಿಲ್ಲ. ಜರ್ಮನ್ ಆಕ್ರಮಣದಲ್ಲಿದ್ದ ಹಾಲೆಂಡಿನಲ್ಲಿ ಫಿಲಿಪ್ಸ್ ಪ್ರಯೋಗಾಲಯದ ಎವರ್ಟ್ ಫರ್ವೇ ಮತ್ತು ಥಿಯೋಡೋರ್ ಓವರ್‌ಬೇಕ್ ತಮ್ಮ ದಾರಿಯಲ್ಲೇ ಅಲ್ಲಿಗೆ ತಲುಪಿ 1948ರಲ್ಲಿ ಪುಸ್ತಕ ತಂದರು. ನಾಲ್ವರ ಹೆಸರಿನ ಮೊದಲಕ್ಷರಗಳು ಸೇರಿ ಸಿದ್ಧಾಂತಕ್ಕೆ ಹೆಸರಾಯಿತು. ಅದರ ನಿಜವಾದ ಗೆಲುವು ಒಂದು ಹಳೆಯ ಒಗಟನ್ನು ಬಿಡಿಸಿದ್ದು. ಕಣಗಳನ್ನು ಗಂಟುಗಟ್ಟಿಸುವ ಶಕ್ತಿ ಅಯಾನಿನ ಆವೇಶ ಹೆಚ್ಚಿದಂತೆ ಯದ್ವಾತದ್ವಾ ಏರುತ್ತದೆ ಎಂದು 1882ರಲ್ಲಿ ಶುಲ್ಜೆ, 1900ರಲ್ಲಿ ಹಾರ್ಡಿ ಕಂಡಿದ್ದರು. ಏಕೆಂದು ಯಾರಿಗೂ ಹೇಳಲಾಗಿರಲಿಲ್ಲ. ಹೊಸ ಲೆಕ್ಕದ ಪ್ರಕಾರ ಬೇಕಾಗುವ ಲವಣದ ಪ್ರಮಾಣ ಆವೇಶದ ಆರನೇ ಘಾತಕ್ಕೆ ವಿಲೋಮವಾಗಿ ಇಳಿಯಬೇಕು. ಅಂದರೆ ಒಂಟಿ ಆವೇಶದ ಅಯಾನು ಒಂದು ಪಾಲು ಬೇಕಾದಲ್ಲಿ ಜೋಡಿ ಆವೇಶದ್ದು 64ರಲ್ಲಿ ಒಂದು ಪಾಲು, ಮೂರು ಆವೇಶದ್ದು 729ರಲ್ಲಿ ಒಂದು ಪಾಲು ಸಾಕು. ಅಳತೆಗಳು ಇದರ ಆಸುಪಾಸಿನಲ್ಲೇ ಬಂದವು. ಪಟಿಕದಲ್ಲಿರುವ ಅಲ್ಯುಮಿನಿಯಂ ಮೂರು ಆವೇಶದ ಅಯಾನು. ಕೊಳದ ನೀರಿನಲ್ಲಿ ಅದರ ಕೆಲಸಕ್ಕೆ ಬೇರೆ ಕಾರಣಗಳೂ ಸೇರುತ್ತವೆ, ಅದು ಬೇರೆ ಮಾತು.

ಡೆರ್ಯಾಗಿನ್ ಅಜಾಗರೂಕ ಪ್ರಯೋಗಿ ಎಂದು ತಿಳಿದವರು ನೋಡಬೇಕಾದದ್ದು 1950ರ ದಶಕದ ಒಂದು ಜಗಳವನ್ನು. ಎರಡು ಘನವಸ್ತುಗಳ ನಡುವಿನ ಆ ಸಹಜ ಆಕರ್ಷಣೆಯನ್ನು ನೇರವಾಗಿ ಅಳೆಯುವ ಪೈಪೋಟಿ ಆಗ ನಡೆದಿತ್ತು. ಹಾಲೆಂಡಿನಲ್ಲಿ ಓವರ್‌ಬೇಕ್ ಮತ್ತು ಸ್ಪಾರ್ನಾಯ್ ಎರಡು ಸಪಾಟು ಗಾಜಿನ ಫಲಕಗಳನ್ನು ಎದುರುಬದುರಾಗಿ ಇಟ್ಟು ಅಳೆದರು. ಮಾಸ್ಕೋದಲ್ಲಿ ಡೆರ್ಯಾಗಿನ್ ಮತ್ತು ಐರಿನಾ ಅಬ್ರಿಕೊಸೊವಾ ಬೇರೆ ಉಪಾಯ ಹೂಡಿದರು. ಸಪಾಟು ಫಲಕಗಳನ್ನು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಅಂತರದಲ್ಲಿ ಸಮಾನಾಂತರವಾಗಿ ನಿಲ್ಲಿಸುವುದು ಹೆಣಗಾಟದ ಕೆಲಸ. ನಡುವೆ ಒಂದು ಧೂಳಿನ ಕಣ ಬಿದ್ದರೂ ಆಟ ಮುಗಿಯಿತು. ಅದಕ್ಕಾಗಿ ಅವರು ಒಂದು ಕಡೆ ಫಲಕ, ಇನ್ನೊಂದು ಕಡೆ ಉಬ್ಬಿದ ಮಸೂರ ಇಟ್ಟರು. ಉಬ್ಬುಮೈಯ ಬಲದಿಂದ ಸಪಾಟು ಮೈಯ ಶಕ್ತಿಯನ್ನು ಲೆಕ್ಕಹಾಕುವ ಸೂತ್ರವನ್ನು ಡೆರ್ಯಾಗಿನ್ 1934ರಲ್ಲೇ ಕೊಟ್ಟಿದ್ದ. ಮಸೂರವಾದರೆ ಸಮಾನಾಂತರದ ತಲೆನೋವೇ ಇಲ್ಲ, ಅಂತರವನ್ನು ಬೆಳಕಿನ ಉಂಗುರಗಳಿಂದ ಓದಬಹುದು. ಮಸೂರ ಥಟ್ಟನೆ ಫಲಕಕ್ಕೆ ಅಂಟಿಕೊಳ್ಳದಂತೆ, ಎಳೆತ ಹೆಚ್ಚಿದ ಕೂಡಲೇ ವಿದ್ಯುತ್ತಿನಿಂದ ಹಿಂದಕ್ಕೆ ತಡೆಯುವ ಸೂಕ್ಷ್ಮ ತಕ್ಕಡಿಯೊಂದನ್ನು ಅವರು ಕಟ್ಟಿದರು. ಡಚ್ಚರಿಗೆ ಸಿಕ್ಕ ಬಲ ಮಾಸ್ಕೋದ ಬಲಕ್ಕಿಂತ ಬಹಳ ಪಟ್ಟು ಹೆಚ್ಚಿತ್ತು. ನಿಮ್ಮ ಗಾಜಿನ ಮೇಲೆ ಉಳಿದ ವಿದ್ಯುದಾವೇಶವೂ ಕಸವೂ ನಿಮ್ಮನ್ನು ದಾರಿ ತಪ್ಪಿಸಿವೆ ಎಂದು ಡೆರ್ಯಾಗಿನ್ ವಾದಿಸಿದ. ಎವ್ಗೆನಿ ಲಿಫ್‌ಶಿಟ್ಸ್ ಆ ಹೊತ್ತಿಗೆ ಪ್ರಕಟಿಸಿದ ಸಿದ್ಧಾಂತ ಮಾಸ್ಕೋದ ಅಂಕಿಗಳನ್ನೇ ಎತ್ತಿಹಿಡಿಯಿತು. ಕಾಣದ ಕಲ್ಮಶ ಎಂಥ ಮೋಸ ಮಾಡಬಲ್ಲದು ಎಂಬುದನ್ನು ಇಡೀ ಯೂರೋಪಿಗೆ ಪಾಠ ಹೇಳಿದವನು, ಹತ್ತು ವರ್ಷದೊಳಗೆ ಅದೇ ಕಲ್ಮಶದ ಕೈಯಲ್ಲಿ ಮೋಸಹೋದ.

ಆ ಕತೆ ಶುರುವಾದದ್ದು ಮಾಸ್ಕೋದಲ್ಲಲ್ಲ, ಕೊಸ್ತ್ರೊಮಾ ಎಂಬ ಊರಿನಲ್ಲಿ. ಅಲ್ಲಿನ ತಾಂತ್ರಿಕ ಸಂಸ್ಥೆಯ ನಿಕೊಲಾಯ್ ಫೆದ್ಯಾಕಿನ್, ಕೂದಲಿಗಿಂತ ತೆಳುವಾದ ಗಾಜಿನ ಲೋಮನಾಳಗಳಲ್ಲಿ ಮುಚ್ಚಿಟ್ಟ ನೀರಿನ ಪಕ್ಕದಲ್ಲೇ ಹೊಸದೊಂದು ದ್ರವದ ಕಂಬ ತಾನಾಗಿ ಬೆಳೆಯುವುದನ್ನು ಗಮನಿಸಿದ. ಸುದ್ದಿ ಮುಟ್ಟಿದ್ದೇ ತಡ ಡೆರ್ಯಾಗಿನ್ ಕೆಲಸವನ್ನು ತನ್ನ ಪ್ರಯೋಗಾಲಯಕ್ಕೆ ತಂದುಕೊಂಡ. ಅಲ್ಲಿ ಅದರ ರೂಪ ಹೀಗಿತ್ತು: ಕ್ವಾರ್ಟ್ಜನ್ನು ಕಾಯಿಸಿ ಎಳೆದ ಹೊಸ ನಾಳಗಳನ್ನು ಗಾಳಿಯಾಡದ ಪಾತ್ರೆಯಲ್ಲಿ ಇಡುವುದು; ಪಾತ್ರೆಯೊಳಗಿನ ನೀರಾವಿ ಪೂರ್ತಿ ತುಂಬುವುದಕ್ಕಿಂತ ಸ್ವಲ್ಪ ಕಡಿಮೆ ಇರುವಂತೆ ನೋಡಿಕೊಳ್ಳುವುದು; ದಿನಗಟ್ಟಲೆ ಕಾಯುವುದು. ಎಲ್ಲ ನಾಳಗಳಲ್ಲೂ ಅಲ್ಲ, ಕೆಲವದರಲ್ಲಿ ಮಾತ್ರ ದ್ರವ ಕಾಣಿಸಿಕೊಳ್ಳುತ್ತಿತ್ತು. ಆ ದ್ರವ 100 ಡಿಗ್ರಿಯಲ್ಲಿ ಕುದಿಯಲಿಲ್ಲ. ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟಲಿಲ್ಲ, ಮೈನಸ್ 40ರ ಸುತ್ತ ಗಾಜಿನ ಹಾಗೆ ಗಟ್ಟಿಯಾಯಿತು. ಅದರ ಸಾಂದ್ರತೆ ನೀರಿನ 1.4 ಪಟ್ಟಿನವರೆಗೂ ಏರಿತು, ಸ್ನಿಗ್ಧತೆ ಹತ್ತಾರು ಪಟ್ಟು. ಉಪ್ಪೋ ಮತ್ತೊಂದೋ ಬೆರೆತ ನೀರು ಹೀಗೇ ವರ್ತಿಸುತ್ತದೆ ಎಂದು ಯಾವ ರಸಾಯನ ವಿದ್ಯಾರ್ಥಿಯೂ ಹೇಳಬಲ್ಲ. ಡೆರ್ಯಾಗಿನ್‌ಗೂ ಅದು ಹೊಳೆಯದೆ ಇರಲಿಲ್ಲ. ಅವನ ಉತ್ತರ ಮೇಲುನೋಟಕ್ಕೆ ಬಿಗಿಯಾಗಿತ್ತು: ನೀರು ನಾಳದೊಳಕ್ಕೆ ಬಂದದ್ದು ಆವಿಯಾಗಿ, ಆವಿ ಉಪ್ಪನ್ನು ಹೊತ್ತು ತರುವುದಿಲ್ಲ, ನಾಳ ಆಗತಾನೇ ಎಳೆದ ಕ್ವಾರ್ಟ್ಜ್, ಹಾಗಾದರೆ ಕಲ್ಮಶ ಬಂದೀತಾದರೂ ಎಲ್ಲಿಂದ? ಗೋಡೆಯ ಪ್ರಭಾವದಿಂದ ನೀರಿನ ಅಣುಗಳು ಹೊಸ ರೀತಿಯಲ್ಲಿ ಹೆಣೆದುಕೊಂಡಿವೆ, ಗೋಡೆಯಿಂದ ದೂರ ತಂದರೂ ಆ ಹೆಣಿಗೆ ಬಿಚ್ಚಿಕೊಳ್ಳುವುದಿಲ್ಲ ಎಂದು ಅವನು ನಿರ್ಧರಿಸಿದ. ತರ್ಕದಲ್ಲಿ ಹುಳುಕಿರಲಿಲ್ಲ. ತರ್ಕವನ್ನು ಪರೀಕ್ಷಿಸುವಷ್ಟು ದ್ರವ ಇರಲಿಲ್ಲ. ಒಂದು ನಾಳದಲ್ಲಿ ಸಿಗುತ್ತಿದ್ದುದು ಮೈಕ್ರೋಗ್ರಾಂಗಳ ಲೆಕ್ಕದ ಮಾಲು. ಅಷ್ಟರಲ್ಲಿ ರಾಸಾಯನಿಕ ವಿಶ್ಲೇಷಣೆ ಮಾಡುವುದು ಆ ಕಾಲದ ಉಪಕರಣಗಳಿಗೆ ಕಷ್ಟ; ಅಳೆಯಲು ಸುಲಭವಾಗಿ ಸಿಗುತ್ತಿದ್ದ ಕುದಿಬಿಂದು, ಹಿಗ್ಗುವಿಕೆ, ಸ್ನಿಗ್ಧತೆಗಳೆಲ್ಲ ಹೊಸ ನೀರಿಗೂ ಕೊಳೆನೀರಿಗೂ ಸಮಾನವಾಗಿ ಹೊಂದುವಂಥವು.

1966ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ನಡೆದ ಫ್ಯಾರಡೆ ಸೊಸೈಟಿಯ ಸಭೆಯ ಮೂಲಕ ವಿಷಯ ಪಶ್ಚಿಮಕ್ಕೆ ದಾಟಿತು. 1969ರಲ್ಲಿ ಅಮೆರಿಕದ ಲಿಪಿಂಕಾಟ್, ಸ್ಟ್ರಾಂಬರ್ಗ್ ಮತ್ತು ಸಂಗಡಿಗರು ಅದರ ರೋಹಿತ ತೆಗೆದು, ಇದು ನೀರಿನ ಪಾಲಿಮರ್ ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ‘ಪಾಲಿವಾಟರ್’ ಹೆಸರು ಅವರಿಟ್ಟದ್ದು, ಡೆರ್ಯಾಗಿನ್ ಇಟ್ಟದ್ದಲ್ಲ. ಆಮೇಲೆ ನೂಕುನುಗ್ಗಲು. ಪೆಂಟಗನ್ ಹಣ ಸುರಿಯಿತು, ಪತ್ರಿಕೆಗಳು ರಷ್ಯನ್ನರು ನಮ್ಮನ್ನು ಹಿಂದೆ ಹಾಕಿದರೇ ಎಂದು ಕೇಳಿದವು. ಈ ನೀರು ಹೊರಬಿದ್ದರೆ ಭೂಮಿಯ ಸಮುದ್ರಗಳೆಲ್ಲ ಹಾಗೇ ಆಗಿಬಿಟ್ಟಾವು ಎಂದು ಎಫ್. ಜೆ. ಡೊನಾಹೋ ಎಂಬ ಅಮೆರಿಕನ್ ವಿಜ್ಞಾನಿ ‘ನೇಚರ್’ಗೆ ಎಚ್ಚರಿಕೆಯ ಪತ್ರ ಬರೆದ. ಇಂಥ ಹೆಚ್ಚು ಸ್ಥಿರವಾದ ನೀರು ನಿಜವಾಗಿ ಇದ್ದಿದ್ದರೆ ನೀರು ಕುಡಿದು ಪಾಲಿವಾಟರ್ ವಿಸರ್ಜಿಸಿ, ನಡುವಿನ ಶಕ್ತಿಯಿಂದಲೇ ಊಟವಿಲ್ಲದೆ ಬದುಕುವ ಪ್ರಾಣಿಯೊಂದು ಎಂದೋ ಹುಟ್ಟಿರುತ್ತಿತ್ತು ಎಂದು ರಿಚರ್ಡ್ ಫೈನ್‌ಮನ್ ಹೇಳಿದರಂತೆ. ಆದರೆ ಕೊನೆಯ ಏಟು ಬಿದ್ದದ್ದು ಚಮತ್ಕಾರದ ಮಾತಿನಿಂದಲ್ಲ. ಬೆಲ್ ಪ್ರಯೋಗಾಲಯದ ಡೆನಿಸ್ ರೂಸೋ ರಾಮನ್ ರೋಹಿತ ತೆಗೆಯಲು ಲೇಸರ್ ಹಾಯಿಸಿದಾಗ ಆ ದ್ರವ ಸುಟ್ಟು ಕರಕಲಾಯಿತು. ಬರೀ ನೀರು ಸುಟ್ಟು ಕರಿಯಾಗುವುದುಂಟೇ? ಸಿ.ವಿ. ರಾಮನ್ 1928ರಲ್ಲಿ ಕಂಡುಕೊಟ್ಟ ವಿಧಾನ ಇಲ್ಲಿ ತನ್ನ ಮಾಮೂಲಿ ಕೆಲಸ ಮಾಡುವ ಮೊದಲೇ ಸಾಕ್ಷಿ ಹೇಳಿಬಿಟ್ಟಿತು. ರೂಸೋ ಮತ್ತು ಪೋರ್ಟೋ 1970ರಲ್ಲಿ ಅದರೊಳಗೆ ಸೋಡಿಯಂ, ಕ್ಲೋರೈಡ್, ಸಲ್ಫೇಟ್‌ಗಳನ್ನು ಪಟ್ಟಿಮಾಡಿದರು. ಮರುವರ್ಷ ರೂಸೋ ಹ್ಯಾಂಡ್‌ಬಾಲ್ ಆಡಿ ಬಂದು ಬೆವರಿದ ಅಂಗಿ ಹಿಂಡಿ, ಆ ಬೆವರಿನ ಅವಕೆಂಪು ರೋಹಿತವನ್ನು ಪಾಲಿವಾಟರ್‌ನ ಪಕ್ಕದಲ್ಲಿಟ್ಟ. ಎರಡೂ ಅವಳಿಜವಳಿಯಂತಿದ್ದವು. ಮಾಸ್ಕೋದಲ್ಲೇ ಟಾಲ್ರೋಜ್ ಎಂಬಾತ ಡೆರ್ಯಾಗಿನ್‌ನ ಸ್ವಂತ ಮಾದರಿಗಳಲ್ಲಿ ಸಾವಯವ ಕೊಳೆಯನ್ನು ಕಂಡಿದ್ದ. 1973ರಲ್ಲಿ ಡೆರ್ಯಾಗಿನ್ ಮತ್ತು ಚುರಾಯೆವ್ ‘ನೇಚರ್’ನಲ್ಲಿ ಬರೆದು, ಆ ಗುಣಗಳಿಗೆಲ್ಲ ಕಾರಣ ಕಲ್ಮಶವೇ, ಹೊಸ ನೀರಲ್ಲ ಎಂದು ಒಪ್ಪಿಕೊಂಡರು.

ನನ್ನ ವಾದಕ್ಕೆ ಒಂದು ಆಕ್ಷೇಪ ಕಾದೇ ಇದೆ. ಮೇಲ್ಮೈ ರಸಾಯನದಲ್ಲೇ ನೊಬೆಲ್ ಪಡೆದ ಇರ್ವಿಂಗ್ ಲ್ಯಾಂಗ್‌ಮ್ಯೂರ್ 1953ರಲ್ಲಿ ‘ರೋಗಗ್ರಸ್ತ ವಿಜ್ಞಾನ’ದ ಲಕ್ಷಣಗಳನ್ನು ಹೇಳಿದ್ದ: ಪರಿಣಾಮ ಯಾವಾಗಲೂ ಕಂಡೂ ಕಾಣದಷ್ಟು ಸಣ್ಣದು, ಟೀಕೆಗೆ ಆ ಕ್ಷಣಕ್ಕೆ ಹುಟ್ಟಿದ ಸಮಜಾಯಿಷಿ, ಬೆಂಬಲಿಗರ ಸಂಖ್ಯೆ ಅರ್ಧದವರೆಗೆ ಏರಿ ಮತ್ತೆ ಕುಸಿಯುವುದು. ಪಾಲಿವಾಟರ್‌ಗೆ ಇವು ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತವೆ, ಹಾಗಾಗಿ ಇದು ರೋಗವೇ ಎನ್ನುತ್ತಾರೆ. ಕೂರುತ್ತವೆ, ನಿಜ. ಆದರೆ ಅದೇ ಅಂಗಿ ನಿಜವಾದ ಶೋಧಗಳಿಗೂ ಕೂರುತ್ತದೆ. ಅಬ್ರಿಕೊಸೊವಾ ಅಳೆದ ಬಲವೂ ಕಂಡೂ ಕಾಣದಷ್ಟೇ ಇತ್ತು. ಡಚ್ಚರ ಟೀಕೆಗೆ ಡೆರ್ಯಾಗಿನ್ ಕೊಟ್ಟ ‘ನಿಮ್ಮಲ್ಲಿ ಕಸವಿದೆ’ ಎಂಬ ಉತ್ತರ ಆ ಕ್ಷಣಕ್ಕೆ ಸಮಜಾಯಿಷಿಯಂತೆಯೇ ಕೇಳಿರಬೇಕು. ಮೇಲಾಗಿ ಲ್ಯಾಂಗ್‌ಮ್ಯೂರ್ ಎಣಿಸಿದ ರೋಗಿಗಳಲ್ಲಿ ಮುಖ್ಯನಾದ ಬ್ಲಾಂಡ್ಲೋ, ತಾನು ಕಂಡೆನೆಂದ, ಇಲ್ಲದ ಎನ್-ಕಿರಣಗಳನ್ನು ಬಹಿರಂಗವಾಗಿ ಹಿಂತೆಗೆದುಕೊಳ್ಳಲೇ ಇಲ್ಲ. ಇಲ್ಲಿ ಶುರುಮಾಡಿದ ಪ್ರಯೋಗಾಲಯವೇ, ತಡವಾಗಿಯಾದರೂ, ಕಾರಣ ಸಮೇತ ಬಾಗಿಲು ಮುಚ್ಚಿತು. ರೋಗ ಎಂಬ ಪದ ದೋಷವನ್ನು ಮನುಷ್ಯನ ಮನಸ್ಸಿನಲ್ಲಿ ಹುಡುಕಿಸುತ್ತದೆ. ದೋಷ ಇದ್ದದ್ದು ಒಂದು ನಿರ್ದಿಷ್ಟ ಕೊಂಡಿಯಲ್ಲಿ, ‘ಆವಿಯಾಗಿ ಬಂದದ್ದು ಶುದ್ಧ’ ಎಂಬ ಊಹೆಯಲ್ಲಿ. ಕ್ವಾರ್ಟ್ಜಿನ ಮೈಯಿಂದಲೇ ಸಿಲಿಕಾ ಕರಗಿ ಸೇರಬಹುದು, ಪಾತ್ರೆಯ ಗ್ರೀಸಿನಿಂದ, ಮುಟ್ಟಿದ ಕೈಯಿಂದ ಕೊಳೆ ಹರಿದುಬರಬಹುದು. ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳು ಅದನ್ನು ‘ಪುನರಾವರ್ತಿಸಿ’ ದೃಢಪಡಿಸಿದ್ದು ಸುಳ್ಳಲ್ಲ. ಎಲ್ಲರೂ ಒಂದೇ ಬಗೆಯ ನಾಳ, ಒಂದೇ ಬಗೆಯ ಪಾತ್ರೆ ಬಳಸಿದಾಗ ಎಲ್ಲರಿಗೂ ಒಂದೇ ಬಗೆಯ ಕೊಳೆ ಸಿಕ್ಕಿತು. ಹಾಗೆ ನೋಡಿದರೆ ಅಮೆರಿಕದ ಎಷ್ಟೋ ಮಾದರಿಗಳು ಮಾಸ್ಕೋದವಕ್ಕಿಂತ ಹೊಲಸಾಗಿದ್ದವು.

ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಅಷ್ಟು ಗಟ್ಟಿ ಉತ್ತರವಿಲ್ಲ. 1962ರಿಂದ 1973 ಎಂದರೆ ಹನ್ನೊಂದು ವರ್ಷ. ಕಲ್ಮಶದ ಮಾತು ಮೊದಲ ದಿನದಿಂದ ಇತ್ತು. ಅಷ್ಟು ತಡವಾದದ್ದು ಅಧಿಕಾರದಿಂದ ಅಲ್ಲವೇ ಎಂದು ಕೇಳಿದರೆ ಸ್ವಲ್ಪ ಮಟ್ಟಿಗೆ ಹೌದೆನ್ನಬೇಕು. ದೊಡ್ಡ ಪ್ರಯೋಗಾಲಯದ ಯಜಮಾನನ ನಂಬಿಕೆಗೆ ಕೆಳಗಿನವರು ಎದುರು ಹೇಳುವುದು ಎಲ್ಲೂ ಸುಲಭವಲ್ಲ. ಕೊಸ್ತ್ರೊಮಾದ ಫೆದ್ಯಾಕಿನ್‌ನ ಹೆಸರು ಬೇಗನೆ ಹಿಂದೆ ಸರಿದು ಇದು ‘ಡೆರ್ಯಾಗಿನ್‌ನ ನೀರು’ ಆದದ್ದರಲ್ಲೂ ದೊಡ್ಡತನದ ಭಾರ ಕಾಣುತ್ತದೆ. ಆದರೆ ಈ ಕಾರಣ ತಡವನ್ನು ವಿವರಿಸುತ್ತದೆಯೇ ಹೊರತು ತಪ್ಪನ್ನಲ್ಲ. ಮಾಸ್ಕೋದ ಯಜಮಾನನಿಗೆ ಹೆದರುವ ಅಗತ್ಯವಿಲ್ಲದ ಮೇರಿಲ್ಯಾಂಡಿನ ಲಿಪಿಂಕಾಟ್‌ನಂಥ ರೋಹಿತತಜ್ಞರೂ ಅದೇ ಹಳ್ಳಕ್ಕೆ ಬಿದ್ದರು.

ನನ್ನ ವಾದಕ್ಕೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ವಜ್ರ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಭಾರಿ ಒತ್ತಡದಲ್ಲಿ ವಜ್ರ ಮಾಡಿದ್ದನ್ನು 1955ರಲ್ಲಿ ಸಾರಿತು. ಮರುವರ್ಷವೇ ಡೆರ್ಯಾಗಿನ್ ಮತ್ತು ಅವನ ಪ್ರಯೋಗಾಲಯದ ಬೋರಿಸ್ ಸ್ಪಿತ್ಸಿನ್, ಒತ್ತಡವೇ ಬೇಡ, ಇಂಗಾಲವಿರುವ ಅನಿಲವನ್ನು ಕಾದ ವಜ್ರದ ಹರಳಿನ ಮೇಲೆ ಹಾಯಿಸಿದರೆ ಸಾಕು, ಹರಳು ಬೆಳೆಯುತ್ತದೆ ಎಂದು ಹಕ್ಕು ದಾಖಲಿಸಿದರು. ಇದನ್ನು ಹೊರಗೆ ನಂಬಿದವರು ಕಡಿಮೆ. ಕಡಿಮೆ ಒತ್ತಡದಲ್ಲಿ ಇಂಗಾಲದ ಸ್ಥಿರ ರೂಪ ಗ್ರ್ಯಾಫೈಟ್. ವಜ್ರ ಹುಟ್ಟುವುದು ಉಷ್ಣಬಲ ವಿಜ್ಞಾನಕ್ಕೆ ವಿರುದ್ಧ ಎಂಬುದು ವಾದ. ಗಮನಿಸಿ, ಪಾಲಿವಾಟರ್ ವಿರುದ್ಧ ಎದ್ದ ಮೂಲಭೂತ ಆಕ್ಷೇಪವೂ ಇದೇ ಜಾತಿಯದು, ಯಾವ ರೂಪ ಹೆಚ್ಚು ಸ್ಥಿರ ಎಂಬುದು. ಪಾಲಿವಾಟರ್ ಕುಸಿದ ಮೇಲಂತೂ ಅಪನಂಬಿಕೆಗೆ ಇನ್ನೊಂದು ನೆಪ ಸಿಕ್ಕಿತು: ಅದೇ ಮನುಷ್ಯ, ಅದೇ ಪ್ರಯೋಗಾಲಯ! 1975ರಲ್ಲಿ ಡೆರ್ಯಾಗಿನ್ ಮತ್ತು ಫೆದೊಸೇಯೆವ್ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ವಿವರವಾಗಿ ಬರೆದರೂ ಜನ ಅನುಮಾನ ಬಿಡಲಿಲ್ಲ. ಇತ್ತ ಮಾಸ್ಕೋದಲ್ಲಿ ಪರಮಾಣು ಹೈಡ್ರೋಜನ್ ಗುಟ್ಟು ಬಿಡಿಸಿತ್ತು: ಅದು ಜೊತೆಯಲ್ಲೇ ಕೂರುವ ಗ್ರ್ಯಾಫೈಟನ್ನು ತಿಂದುಹಾಕಿ ವಜ್ರವನ್ನು ಬಿಡುತ್ತದೆ. 1981ರ ಅವರ ಪ್ರಬಂಧದಲ್ಲಿ ವಜ್ರವಲ್ಲದ ಮೈಮೇಲೂ ವಜ್ರ ಬೆಳೆದಿತ್ತು. 1982ರಲ್ಲಿ ಜಪಾನಿನ ಮತ್ಸುಮೊಟೊ ಮತ್ತು ಸಂಗಡಿಗರು ಕಾದ ತಂತಿಯಿಂದ ಅಂಥ ಹೈಡ್ರೋಜನ್ ತಯಾರಿಸಿ ವಜ್ರ ಬೆಳೆಸುವ ಕ್ರಮವನ್ನು ಬಿಚ್ಚಿ ಬರೆದ ಮೇಲೆ ಜಗತ್ತು ಒಪ್ಪಿತು. ಇಂದು ಅನಿಲದಿಂದ ವಜ್ರ ಬೆಳೆಸುವ ಕಾರ್ಖಾನೆಗಳು ಸೂರತ್‌ನಲ್ಲೂ ಇವೆ. ಸ್ವಭಾವ ಒಂದೇ, ಹಟ ಒಂದೇ, ಎದುರು ಬಂದ ಆಕ್ಷೇಪ ಒಂದೇ. ಫಲ ಬೇರೆ. ವಜ್ರವನ್ನು ತೂಗಬಹುದಿತ್ತು, ಎಕ್ಸ್-ಕಿರಣದಿಂದ ಅದರ ಹರಳುಜೋಡಣೆ ನೋಡಬಹುದಿತ್ತು, ಕಲ್ಮಶದಿಂದ ವಜ್ರದ ಸೋಗು ಹಾಕುವುದು ಸಾಧ್ಯವಿರಲಿಲ್ಲ. ನೀರಿಗೆ ಅಂಥ ಯಾವ ಅನುಕೂಲವೂ ಇರಲಿಲ್ಲ.

ಗೋಡೆಯ ಪಕ್ಕದ ನೀರು ಮಾಮೂಲಿಯಲ್ಲ ಎಂಬ ಮೂಲ ನಂಬಿಕೆಯೂ ಪೂರ್ತಿ ಹುಸಿಯಾಗಲಿಲ್ಲ. 1970ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯದಲ್ಲಿ ಇಸ್ರೇಲಶ್ವಿಲಿ ಮತ್ತು ಸಂಗಡಿಗರು ಅಭ್ರಕದ ನುಣುಪಾದ ಹಾಳೆಗಳ ನಡುವೆ ಬಲ ಅಳೆದಾಗ, ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ಡಿಎಲ್‌ವಿಒ ಲೆಕ್ಕಕ್ಕೆ ಸಿಗದ, ನೀರಿನ ಅಣುಗಳ ಜೋಡಣೆಯಿಂದ ಬರುವ ಬಲ ಕಂಡಿತು. ಲೋಮನಾಳಗಳ ಅಗಲ ಮೈಕ್ರೋಮೀಟರ್‌ಗಳ ಲೆಕ್ಕದ್ದು. ಡೆರ್ಯಾಗಿನ್ ತಪ್ಪಿದ್ದು ಸುಮಾರು ಸಾವಿರ ಪಟ್ಟಿನಷ್ಟು ದೂರದಲ್ಲಿ. ಒತ್ತಿಕೊಂಡ ಗೋಳಗಳು ಎಷ್ಟು ಬಲದಿಂದ ಅಂಟುತ್ತವೆ ಎಂಬ ಬಗ್ಗೆ ಕೇಂಬ್ರಿಜ್‌ನವರೊಂದಿಗೆ 1970ರ ದಶಕದಲ್ಲಿ ನಡೆದ ಜಗಳದಲ್ಲಂತೂ ಇಬ್ಬರೂ ಸರಿ ಎಂದಾಯಿತು: ಮೆತ್ತಗಿನ, ದೊಡ್ಡ ಗೋಳಗಳಿಗೆ ಅವರ ಸೂತ್ರ, ಗಟ್ಟಿಯಾದ ಪುಟ್ಟ ಗೋಳಗಳಿಗೆ ಇವನದು. ಹಾಗೆಂದು 1977ರಲ್ಲಿ ಡೇವಿಡ್ ಟೇಬರ್ ಹೇಳಿದ, 1980ರಲ್ಲಿ ಡೆರ್ಯಾಗಿನ್‌ನ ಗುಂಪೇ ಲೆಕ್ಕಹಾಕಿ ತೋರಿಸಿತು.

ಇನ್ನೂ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಅಂಟು ಮತ್ತು ಬಿರುಕಿನ ಅಧ್ಯಯನದಿಂದ ಬಂದವು. 1953ರಲ್ಲಿ ಕರಾಸೆವ್, ಕ್ರೊತೊವಾ ಮತ್ತು ಡೆರ್ಯಾಗಿನ್, ನಿರ್ವಾತದಲ್ಲಿ ಅಂಟುಪೊರೆಯನ್ನು ಸಿಪ್ಪೆಯಂತೆ ಸುಲಿದರೆ ವೇಗದ ಎಲೆಕ್ಟ್ರಾನುಗಳು ಹೊಮ್ಮುತ್ತವೆ ಎಂದು ವರದಿ ಮಾಡಿದ್ದರು. ಅರ್ಧ ಶತಮಾನ ಅದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 2008ರಲ್ಲಿ ಲಾಸ್ ಏಂಜಲೀಸ್‌ನ ವಿಜ್ಞಾನಿಗಳು ಅಂಗಡಿಯಲ್ಲಿ ಸಿಗುವ ಅಂಟುಪಟ್ಟಿಯ ಸುರುಳಿಯನ್ನು ನಿರ್ವಾತದಲ್ಲಿ ಬಿಚ್ಚಿ, ಹೊಮ್ಮಿದ ಎಕ್ಸ್-ಕಿರಣದಿಂದ ಬೆರಳಿನ ಮೂಳೆಯ ಚಿತ್ರ ತೆಗೆದೇಬಿಟ್ಟರು. 1986ರಲ್ಲಿ ಡೆರ್ಯಾಗಿನ್ ಮತ್ತು ಸಹೋದ್ಯೋಗಿಗಳು, ಲಿಥಿಯಂ ಡ್ಯೂಟರೈಡ್ ಹರಳನ್ನು ಒಡೆದಾಗ ನ್ಯೂಟ್ರಾನುಗಳು ಸಿಡಿಯುತ್ತವೆ, ಬಿರುಕಿನಲ್ಲಿ ಬೈಜಿಕ ಸಮ್ಮಿಲನ ನಡೆಯುತ್ತದೆ ಎಂದು ಬರೆದರು. ಅಮೆರಿಕದ ಶೀತ ಸಮ್ಮಿಲನದ ಗದ್ದಲಕ್ಕೆ ಇದು ಮೂರು ವರ್ಷ ಮೊದಲು. ಅಲ್ಲಿಯೂ ಎಣಿಕೆಗೆ ಸಿಕ್ಕಿದ ನ್ಯೂಟ್ರಾನುಗಳು ಹಿನ್ನೆಲೆಯ ಎಣಿಕೆಗಿಂತ ಅಷ್ಟಿಷ್ಟೇ ಮೇಲಿದ್ದವು, ಮತ್ತು ಅದನ್ನು ಭೌತವಿಜ್ಞಾನ ಇಂದಿಗೂ ಒಪ್ಪಿಕೊಂಡಿಲ್ಲ.